ಬಚ್ಚಲ ನೀರಿನ ಮುಂದಿನ ದಾರಿ

ಬೆಳಗಾಯಿತೆಂದರೆ ಮನೆಮನೆಯಲ್ಲೂ ನೀರಿನ ಕೆಲಸ ಮೊದಲಾಗುತ್ತದೆ. ನಲ್ಲಿ ಬಂದಿತೆ, ತೊಟ್ಟಿ ತುಂಬಿತೆ, ಸ್ನಾನಕ್ಕೆ ನೀರು ಕಾದಿತೆ ಎಂದು ವಿಚಾರಿಸದ ಮನೆಯಿಲ್ಲ. ಎರಡು ದಿನ ನಲ್ಲಿಯಲ್ಲಿ ನೀರು ಬಾರದೆ ಹೋದರೆ ಬೀದಿಯ ಜನವೆಲ್ಲ ಕೊಡ ಹಿಡಿದು ಪುರಸಭೆಯ ಬಾಗಿಲಿಗೆ ಹೋಗುತ್ತೇವೆ. ಆದರೆ ಅದೇ ನೀರು ಮೈ ತೊಳೆದು, ಪಾತ್ರೆ ತೊಳೆದು, ಬಟ್ಟೆ ಒಗೆದು, ಬಚ್ಚಲ ಕಿಂಡಿಯಲ್ಲಿ ಇಳಿದ ಮೇಲೆ ಎಲ್ಲಿಗೆ ಹೋಯಿತು ಎಂದು ಕೇಳುವವರು ಎಷ್ಟು ಮಂದಿ? ಬರುವ ನೀರಿಗೆ ಇರುವ ಮರ್ಯಾದೆ ಹೋಗುವ ನೀರಿಗೆ ಇಲ್ಲ. ಹೋದದ್ದು ಹೋಯಿತು ಎಂದು ನಾವು ನಿಶ್ಚಿಂತರಾಗಿರುತ್ತೇವೆ. ವಾಸ್ತವವಾಗಿ ಅದು ದೂರವೇನೂ ಹೋಗಿರುವುದಿಲ್ಲ. ಊರ ತಗ್ಗಿನ ಕೆರೆಯಲ್ಲಿಯೋ, ಹಿತ್ತಲ ಗುಂಡಿಯಲ್ಲಿಯೋ, ನೆರೆಯವರ ಬಾವಿಯ ಒರತೆಯಲ್ಲಿಯೋ ಅದು ನಮಗಾಗಿ ಕಾದುಕೊಂಡಿರುತ್ತದೆ.

ಈ ಹೊತ್ತು ಆ ನೀರಿನ ಹಿಂದೆಯೇ ಸ್ವಲ್ಪ ದೂರ ಹೋಗಿ ಬರೋಣ. ವಿಷಯ ಊಟದ ಹೊತ್ತಿನಲ್ಲಿ ಆಡುವಂಥದ್ದಲ್ಲ, ನಿಜ. ಆದರೆ ಊಟಕ್ಕೂ ಇದಕ್ಕೂ ಇರುವ ದೂರ ನಾವು ಎಣಿಸಿಕೊಂಡಷ್ಟಿಲ್ಲ.

ಮೊದಲು ಸ್ವಲ್ಪ ಲೆಕ್ಕ ಹಾಕೋಣ. ಒಳಚರಂಡಿ ಇರುವ ಊರಿನಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರು ನೀರು ಬೇಕೆಂದು ನಮ್ಮ ದೇಶದ ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಅದರಲ್ಲಿ ನೂರಕ್ಕೆ 80 ಪಾಲು ಕೊಳೆನೀರಾಗಿ ಹೊರಗೆ ಬರುತ್ತದೆ. ಎಂದರೆ ತಲೆಗೆ ಸುಮಾರು 108 ಲೀಟರು. 30,000 ಜನರಿರುವ ಒಂದು ಸಣ್ಣ ಊರನ್ನು ತೆಗೆದುಕೊಳ್ಳಿ. ಅಲ್ಲಿಂದ ದಿನಕ್ಕೆ 32 ಲಕ್ಷ ಲೀಟರಿಗಿಂತಲೂ ಹೆಚ್ಚು ಕೊಳೆನೀರು ಹೊರಡುತ್ತದೆ. 10,000 ಲೀಟರಿನ ಟ್ಯಾಂಕರ್ ಲಾರಿಗಳಲ್ಲಿ ತುಂಬಿದರೆ 320 ಲಾರಿಗಳು ಬೇಕು; ಅದೂ ಪ್ರತಿದಿನ. ಹನಿಗೂಡಿದರೆ ಹಳ್ಳ ಎಂಬ ಮಾತು ಹೊಲಸು ನೀರಿನ ವಿಷಯದಲ್ಲಿಯೂ ಸತ್ಯ.

ಈ ನೀರಿನಲ್ಲಿ ಏನಿರುತ್ತದೆ? ಕೇಳಿದರೆ ಆಶ್ಚರ್ಯವಾದೀತು. ಸಾವಿರ ಪಾಲಿನಲ್ಲಿ 999 ಪಾಲು ಬರಿಯ ನೀರೇ. ಉಳಿದ ಒಂದು ಪಾಲಿನಲ್ಲಿ ನಮ್ಮ ಸಂಸಾರವೆಲ್ಲ ಇದೆ: ಮಲಮೂತ್ರ, ಸೋಪು, ಎಣ್ಣೆಯ ಜಿಡ್ಡು, ಅನ್ನದ ಅಗುಳು, ಮರಳು, ಉಪ್ಪು, ಎಣಿಸಲಾರದಷ್ಟು ಸೂಕ್ಷ್ಮಜೀವಿಗಳು. ಕಾಲರಾ, ವಿಷಮಶೀತಜ್ವರ, ಕಾಮಾಲೆ, ಆಮಶಂಕೆ, ಜಂತುಹುಳುವಿನ ಮೊಟ್ಟೆ, ಇವೆಲ್ಲ ಪ್ರಯಾಣ ಮಾಡುವುದು ಈ ಒಂದು ಪಾಲಿನಲ್ಲಿಯೇ. ಆ ಒಂದು ಪಾಲನ್ನು 999ರಿಂದ ಬೇರೆಮಾಡುವುದು, ಬೇರೆಯಾದುದನ್ನು ಅಪಾಯವಿಲ್ಲದಂತೆ ಮಾಡುವುದು, ಇದಿಷ್ಟೇ ಶುದ್ಧೀಕರಣ ಘಟಕದ ಕೆಲಸ.

ಹೊಲಸು ನೀರನ್ನು ಕೆರೆಗೆ ಬಿಟ್ಟರೆ ಕೆರೆಯೇ ಅದನ್ನು ಶುದ್ಧಮಾಡಿಕೊಳ್ಳಲಾರದೆ ಎಂದು ಕೇಳಬಹುದು. ಸ್ವಲ್ಪವಾದರೆ ಮಾಡಿಕೊಳ್ಳುತ್ತದೆ. ಕೆರೆಯಲ್ಲಿರುವ ಸೂಕ್ಷ್ಮಜೀವಿಗಳಿಗೆ ನಮ್ಮ ಹೊಲಸೇ ಆಹಾರ. ಅವು ತಿನ್ನುತ್ತವೆ, ಬೆಳೆಯುತ್ತವೆ, ಹಾಗೆ ಮಾಡುವಾಗ ನಮ್ಮಂತೆಯೇ ಉಸಿರಾಡುತ್ತವೆ. ಉಸಿರಿಗೆ ಬೇಕಾದ ಆಮ್ಲಜನಕವನ್ನು ನೀರಿನಲ್ಲಿ ಕರಗಿರುವ ಗಾಳಿಯಿಂದಲೇ ತೆಗೆದುಕೊಳ್ಳುತ್ತವೆ. ತೊಡಕಿರುವುದು ಇಲ್ಲಿಯೇ. ನಮ್ಮ ಹವೆಯಲ್ಲಿ ಒಂದು ಲೀಟರು ತಿಳಿನೀರಿನಲ್ಲಿ ಕರಗಿರಬಲ್ಲ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಒಬ್ಬ ಮನುಷ್ಯನ ಒಂದು ದಿನದ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುವುದಕ್ಕೆ ಬೇಕಾಗುವ ಆಮ್ಲಜನಕ ಸುಮಾರು 27 ಗ್ರಾಂ, ಎಂದರೆ 27,000 ಮಿಲಿಗ್ರಾಂ. ಭಾಗಿಸಿ ನೋಡಿ. ಒಬ್ಬೊಬ್ಬರ ಒಂದೊಂದು ದಿನದ ಕೊಳೆ ಸುಮಾರು 3,400 ಲೀಟರು ಒಳ್ಳೆಯ ನೀರಿನ ಉಸಿರನ್ನೆಲ್ಲ ಹೀರಿಬಿಡುತ್ತದೆ. 30,000 ಜನರ ಊರು ದಿನವೊಂದಕ್ಕೆ ಹತ್ತು ಕೋಟಿ ಲೀಟರಿನ ಉಸಿರನ್ನು ಹೀರುತ್ತದೆ.

ಕೆರೆಯಲ್ಲಿ ಬೆಳಗಾಗುವುದರೊಳಗೆ ಮೀನು ಸತ್ತು ತೇಲಿದಾಗ ಯಾರೋ ವಿಷ ಹಾಕಿದರೆಂದು ಜನ ಹೇಳುವುದುಂಟು. ಅನೇಕ ಸಲ ಯಾರೂ ವಿಷ ಹಾಕಿರುವುದಿಲ್ಲ. ಮೀನು ಉಸಿರುಕಟ್ಟಿ ಸತ್ತಿರುತ್ತದೆ. ಆಮ್ಲಜನಕ ಮುಗಿದ ಮೇಲೆ ಅದಿಲ್ಲದೆ ಬದುಕುವ ಬೇರೊಂದು ಜಾತಿಯ ಜೀವಾಣುಗಳ ರಾಜ್ಯ ಮೊದಲಾಗುತ್ತದೆ. ನೀರು ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆಯುಕ್ಕಿ ರಸ್ತೆಗೆ ಹಾರಿದ್ದನ್ನೂ, 2015, 2017 ಮತ್ತು 2018ರಲ್ಲಿ ಅಲ್ಲಿ ಬೆಂಕಿ ಕಾಣಿಸಿಕೊಂಡದ್ದನ್ನೂ ನೀವು ಕೇಳಿರಬಹುದು. ನೀರಿಗೆ ಬೆಂಕಿ ಬಿದ್ದಿತೆಂದರೆ ಹಿಂದಿನವರು ಕಟ್ಟುಕಥೆಯೆಂದು ನಗುತ್ತಿದ್ದರು. ಮಹಾನಗರದಲ್ಲಿ ದೊಡ್ಡದಾಗಿ ಆದದ್ದು ಸಣ್ಣ ಊರಿನಲ್ಲಿ ಸಣ್ಣದಾಗಿ, ಸದ್ದಿಲ್ಲದೆ ಆಗುತ್ತಿರುತ್ತದೆ. ಭೇದ ಅಷ್ಟೆ.

ಹಾಗಾದರೆ ಕೆರೆ ಮಾಡಲಾರದ ಕೆಲಸವನ್ನು ಘಟಕ ಹೇಗೆ ಮಾಡುತ್ತದೆ? ಅಲ್ಲಿ ಮಂತ್ರವೇನೂ ಇಲ್ಲ. ಅಡಿಗೆಯ ಮನೆಯಲ್ಲಿ ನಮ್ಮ ತಾಯಂದಿರು ಬಲ್ಲ ಕೆಲಸಗಳನ್ನೇ ದೊಡ್ಡ ತೊಟ್ಟಿಗಳಲ್ಲಿ ಮಾಡುತ್ತಾರೆ.

ಒಳಚರಂಡಿಯ ಕೊಳವೆಗಳನ್ನು ಇಳಿಜಾರಾಗಿ ಹೂಳಿರುತ್ತಾರೆ. ಬೀದಿಬೀದಿಯ ನೀರು ತಾನಾಗಿಯೇ ಹರಿದು ಊರ ತಗ್ಗಿನಲ್ಲಿರುವ ಒಂದು ಆಳವಾದ ಬಾವಿಗೆ ಬರುತ್ತದೆ. ಅಲ್ಲಿಂದ ಪಂಪು ಅದನ್ನು ಮೇಲೆತ್ತಿ ಘಟಕಕ್ಕೆ ತಳ್ಳುತ್ತದೆ. ಮೊದಲನೆಯ ಕೆಲಸ ಸೋಸುವುದು. ಕಬ್ಬಿಣದ ಸರಳುಗಳ ಜಾಲರಿಯೊಂದು ಅಡ್ಡ ನಿಂತಿರುತ್ತದೆ. ನೀರು ದಾಟುತ್ತದೆ, ಕಸ ನಿಲ್ಲುತ್ತದೆ. ಆ ಕಸ ನೋಡಿದರೆ ಊರಿನ ನಡತೆಯೇ ತಿಳಿಯುತ್ತದೆ: ಪ್ಲಾಸ್ಟಿಕ್ ಚೀಲ, ಶಾಂಪೂವಿನ ಪೊಟ್ಟಣ, ಬಟ್ಟೆಯ ಚಿಂದಿ, ಬಾಚಿದ ಕೂದಲಿನ ಉಂಡೆ, ಬಾಡಿದ ಹೂವಿನ ಹಾರ, ಹಲ್ಲುಜ್ಜುವ ಬ್ರಷ್ಷು, ಮಕ್ಕಳ ಡಯಾಪರು. ಇವನ್ನು ದಿನವೂ ತೆಗೆಯದಿದ್ದರೆ ಮುಂದಿನ ಯಂತ್ರಗಳು ಕಟ್ಟಿಕೊಂಡು ನಿಲ್ಲುತ್ತವೆ.

ಎರಡನೆಯ ಕೆಲಸ ಜಾಲಿಸುವುದು. ಅಕ್ಕಿಯಲ್ಲಿ ಕಲ್ಲಿದ್ದರೆ ನೀರು ಹಾಕಿ ಮೆಲ್ಲಗೆ ಜಾಲಿಸುತ್ತೇವೆ. ಅಕ್ಕಿ ಮುಂದೆ ಹೋಗುತ್ತದೆ, ಭಾರವಾದ ಕಲ್ಲು ಹಿಂದೆ ಉಳಿಯುತ್ತದೆ. ಘಟಕದಲ್ಲಿಯೂ ಅದೇ ಉಪಾಯ. ಒಂದು ಕಾಲುವೆಯಲ್ಲಿ ನೀರಿನ ಓಟವನ್ನು ಸೆಕೆಂಡಿಗೆ ಸುಮಾರು ಒಂದು ಅಡಿಗೆ ಇಳಿಸುತ್ತಾರೆ. ಅಷ್ಟು ನಿಧಾನದಲ್ಲಿ ಮರಳು ತಳಕ್ಕೆ ಕೂರುತ್ತದೆ, ಹಗುರವಾದ ಹೊಲಸು ತೇಲಿಕೊಂಡು ಮುಂದೆ ಹೋಗುತ್ತದೆ. ಮರಳು ಒಳಗೆ ಹೋದರೆ ಪಂಪಿನ ಚಕ್ರವನ್ನು ಸಾಣೆ ಹಿಡಿದಂತೆ ಸವೆಸಿಬಿಡುತ್ತದೆ.

ದೊಡ್ಡ ಘಟಕಗಳಲ್ಲಿ ಇದಾದ ಮೇಲೆ ನೀರನ್ನು ಅಗಲವಾದ ತೊಟ್ಟಿಯಲ್ಲಿ ಎರಡು ಎರಡೂವರೆ ಗಂಟೆ ಅಲುಗದಂತೆ ನಿಲ್ಲಿಸುತ್ತಾರೆ. ಅಕ್ಕಿ ತೊಳೆದ ಕಲಗಚ್ಚನ್ನು ಹೊತ್ತು ಬಿಟ್ಟು ನೋಡಿದರೆ ತಳದಲ್ಲಿ ಗಸಿ, ಮೇಲೆ ತಿಳಿ ಆಗುವುದಿಲ್ಲವೆ? ಹಾಗೆಯೇ ತೇಲುವ ಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿ ಗಸಿಯಾಗಿ ಇಳಿಯುತ್ತವೆ. ಆದರೆ ನೀರಿನಲ್ಲಿ ಕರಗಿಹೋದ ಕೊಳೆ ಇಳಿಯುವುದಿಲ್ಲ. ಚಹಾದಲ್ಲಿ ಕರಗಿದ ಸಕ್ಕರೆಯನ್ನು ಜರಡಿಯಿಂದ ಹಿಡಿಯಲಾದೀತೆ? ಅದಕ್ಕೆ ತಿನ್ನುವವರೇ ಬೇಕು. ಇಲ್ಲಿ ಸೂಕ್ಷ್ಮಜೀವಿಗಳ ಪಾತ್ರ ಬರುತ್ತದೆ.

ಕೆರೆಯಲ್ಲಿ ಸೂಕ್ಷ್ಮಜೀವಿಗಳಿಗೆ ಉಸಿರು ಸಾಲದೆ ಹೋಯಿತಷ್ಟೆ. ಘಟಕದಲ್ಲಿ ಮನುಷ್ಯ ಆ ಕೊರತೆಯನ್ನು ನೀಗುತ್ತಾನೆ. ತೊಟ್ಟಿಯ ತಳದಿಂದ ಯಂತ್ರದ ಮೂಲಕ ಗಾಳಿ ಊದುತ್ತಾರೆ, ಇಲ್ಲವೆ ಮೇಲಿನಿಂದ ದೊಡ್ಡ ಕಡೆಗೋಲಿನಂಥ ಚಕ್ರದಿಂದ ನೀರನ್ನು ಕಡೆಯುತ್ತಾರೆ. ನೀರು ಕುದಿಯುವಂತೆ ಕಾಣುತ್ತದೆ, ಕುದಿಯುತ್ತಿರುವುದಿಲ್ಲ. ಕಂದುಬಣ್ಣದ ಆ ನೀರಿನಲ್ಲಿ ಕೋಟ್ಯನುಕೋಟಿ ಜೀವಾಣುಗಳು ಚೂರುಚೂರಾಗಿ ಗುಂಪುಗಟ್ಟಿ ನಮ್ಮ ಹೊಲಸನ್ನು ಉಣ್ಣುತ್ತಿರುತ್ತವೆ. ಉಂಡು ಕೊಬ್ಬಿದ ಈ ಗುಂಪುಗಳು ಭಾರವಾಗಿ, ಮುಂದಿನ ತೊಟ್ಟಿಯಲ್ಲಿ ತಳಕ್ಕೆ ಇಳಿಯುತ್ತವೆ. ಮೇಲೆ ಉಳಿಯುವುದು ತಿಳಿನೀರು.

ಇಲ್ಲಿಯೇ ಈ ವಿದ್ಯೆಯ ಗುಟ್ಟು ಇರುವುದು. ತಳಕ್ಕೆ ಇಳಿದ ಆ ಗಸಿಯನ್ನು ಎಲ್ಲವನ್ನೂ ಎಸೆಯುವುದಿಲ್ಲ. ದೊಡ್ಡ ಪಾಲನ್ನು ಮತ್ತೆ ಗಾಳಿಯ ತೊಟ್ಟಿಗೇ ಹಿಂದಿರುಗಿಸುತ್ತಾರೆ. ಏಕೆ? ರಾತ್ರಿ ಹಾಲಿಗೆ ಹೆಪ್ಪು ಹಾಕುವುದಕ್ಕೆ ಇವತ್ತಿನ ಮೊಸರಿನಲ್ಲಿ ಒಂದಿಷ್ಟನ್ನು ಎತ್ತಿಡುವುದಿಲ್ಲವೆ? ಅದೇ ಇದು. ಹೆಪ್ಪಿಲ್ಲದೆ ಹಾಲು ಮೊಸರಾಗುವುದಕ್ಕೆ ಎಷ್ಟು ಕಾಲ ಬೇಕೋ ಯಾರು ಬಲ್ಲರು. ಹೆಪ್ಪಿದ್ದರೆ ಬೆಳಗಾಗುವುದರೊಳಗೆ ಮೊಸರು ಸಿದ್ಧ.

ಈ ಹೆಪ್ಪಿನ ಮರ್ಮವನ್ನು ಕಂಡುಹಿಡಿದದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ಅಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಸೀಸೆಗಳಲ್ಲಿ ಕೊಳೆನೀರು ತುಂಬಿ, ಬೆಳಕು ಬೀಳದಂತೆ ಕಂದು ಕಾಗದ ಸುತ್ತಿ, ಗಾಳಿ ಊದುತ್ತ ಹೋದರು. ಮೊದಲನೆಯ ಸಲ ನೀರು ಶುದ್ಧವಾಗುವುದಕ್ಕೆ ಐದು ವಾರ ಹಿಡಿಯಿತು. ಅವರು ತಿಳಿಯನ್ನು ಮಾತ್ರ ಬಸಿದು, ಗಸಿಯನ್ನು ಉಳಿಸಿ, ಅದರ ಮೇಲೆ ಹೊಸ ಕೊಳೆನೀರು ಸುರಿದರು. ಹೀಗೆ ಮತ್ತೆ ಮತ್ತೆ ಮಾಡಿದಂತೆಲ್ಲ ಕಾಲ ಕಡಿಮೆಯಾಗುತ್ತ ಬಂದಿತು. ಕೊನೆಗೆ ವಾರಗಳ ಕೆಲಸ ಗಂಟೆಗಳಲ್ಲಿ ಮುಗಿಯುವಂತಾಯಿತು. 1914ನೆಯ ಏಪ್ರಿಲ್ 3ರಂದು ಅವರು ಈ ವಿಷಯವನ್ನು ವಿದ್ವಾಂಸರ ಮುಂದಿಟ್ಟರು. ಅವರಿಗೆ ಈ ದಾರಿಯನ್ನು ಸೂಚಿಸಿದವರು ಗಿಲ್ಬರ್ಟ್ ಫೌಲರ್ ಎಂಬವರು. ನಮಗೆ ಸಂತೋಷದ ಸಂಗತಿಯೆಂದರೆ, ಈ ಫೌಲರ್ ಅವರು 1916ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಗೆ, ಪ್ರಾಧ್ಯಾಪಕರಾಗಿ ಬಂದರು. ಜಗತ್ತಿನಲ್ಲೆಲ್ಲ ಹರಡಿದ ಈ ವಿಧಾನದ ಮೂಲಪುರುಷರಲ್ಲಿ ಒಬ್ಬರು ನಮ್ಮ ಊರಿನಲ್ಲಿಯೇ ಪಾಠ ಹೇಳಿದ್ದರು.

ಸಣ್ಣ ಊರುಗಳಲ್ಲಿ ಕೆಲಸ ಇನ್ನೂ ಸರಳವಾಗಿರಲೆಂದು ಎಷ್ಟೋ ಕಡೆ ಮೊದಲನೆಯ ಗಸಿ ತೊಟ್ಟಿಯನ್ನು ಬಿಟ್ಟುಬಿಡುತ್ತಾರೆ. ಅದಕ್ಕೆ ಬದಲಾಗಿ ಗಾಳಿಯ ತೊಟ್ಟಿಯಲ್ಲಿಯೇ ನೀರನ್ನು 12ರಿಂದ 24 ಗಂಟೆಗಳ ತನಕ ಇರಿಸುತ್ತಾರೆ. ಜಾಗ ಧಾರಾಳವಾಗಿದ್ದು ಕರೆಂಟಿನ ಖರ್ಚು ಬೇಡವೆಂದರೆ ಇನ್ನೊಂದು ದಾರಿಯೂ ಉಂಟು. ಆಳವಿಲ್ಲದ ಅಗಲವಾದ ಕೊಳಗಳನ್ನು ಮಾಡಿ ನೀರನ್ನು ದಿನಗಟ್ಟಲೆ ನಿಲ್ಲಿಸುವುದು. ಅಲ್ಲಿ ಹಸುರು ಪಾಚಿ ಬೆಳೆಯುತ್ತದೆ. ಪಾಚಿ ಬಿಸಿಲಿನಲ್ಲಿ ಆಮ್ಲಜನಕವನ್ನು ಬಿಡುತ್ತದೆ, ಜೀವಾಣುಗಳು ಅದನ್ನು ಉಸಿರಾಡಿ ಹೊಲಸನ್ನು ತಿನ್ನುತ್ತವೆ. ಗಾಳಿ ಊದುವ ಯಂತ್ರದ ಕೆಲಸವನ್ನು ಸೂರ್ಯನೇ ಮಾಡುತ್ತಾನೆ. ಬಿಸಿಲು ಹೇರಳವಾಗಿರುವ ನಮ್ಮ ನಾಡಿಗೆ ಇದು ಒಗ್ಗುವ ವಿಧಾನ. ಆದರೆ ಎಕರೆಗಟ್ಟಲೆ ಜಾಗ ಬೇಕು. ತಳದ ಹೂಳನ್ನು ಕಾಲಕಾಲಕ್ಕೆ ತೆಗೆಯಬೇಕು.

ಈಗ ಘಟಕವನ್ನು ನಡೆಸುವ ಮನುಷ್ಯನನ್ನು ನೋಡೋಣ. ಅವನು ಜೀವಾಣುಗಳೆಂಬ ಮಂದೆಯನ್ನು ಕಾಯುವ ಕುರುಬ. ಮಂದೆಗೆ ಮೇವು ಹೆಚ್ಚಾಗಬಾರದು, ಕಡಿಮೆಯಾಗಬಾರದು, ಉಸಿರು ತಪ್ಪಬಾರದು. ದಿನವೂ ಅವನು ಗಾಳಿಯ ತೊಟ್ಟಿಯಿಂದ ಒಂದು ಲೀಟರು ನೀರನ್ನು ಗಾಜಿನ ಉದ್ದ ಪಾತ್ರೆಯಲ್ಲಿ ತುಂಬಿ ಅರ್ಧ ಗಂಟೆ ಅಲುಗಿಸದೆ ಇಡುತ್ತಾನೆ. ಗಸಿ ಚೆನ್ನಾಗಿ ಕೆಳಗಿಳಿದು ಮೇಲೆ ತಿಳಿಯಾಗಿದ್ದರೆ ಮಂದೆ ಆರೋಗ್ಯವಾಗಿದೆ. ಗಸಿ ಹತ್ತಿಯಂತೆ ಉಬ್ಬಿ ಮೇಲೆಯೇ ನಿಂತರೆ ಏನೋ ಕೆಟ್ಟಿದೆ. ಗಸಿ ಹೆಚ್ಚಾದರೆ ಸ್ವಲ್ಪ ಹೊರಗೆ ತೆಗೆಯುತ್ತಾನೆ, ಕಡಿಮೆಯಾದರೆ ಉಳಿಸಿಕೊಳ್ಳುತ್ತಾನೆ. ವಾಸನೆಯಿಂದ, ಬಣ್ಣದಿಂದ, ನೊರೆಯ ಬಗೆಯಿಂದ ಅವನಿಗೆ ತಿಳಿಯುವುದು ಬಹಳ. ಒಳ್ಳೆಯ ಘಟಕದ ವಾಸನೆ ಮಳೆ ಬಿದ್ದ ಮಣ್ಣಿನ ವಾಸನೆಯಂತಿರುತ್ತದೆ. ದುರ್ವಾಸನೆ ಬಂದಿತೆಂದರೆ ಉಸಿರು ಕಡಿಮೆಯಾಗಿದೆಯೆಂದು ಅರ್ಥ.

ಇಂಥ ಘಟಕದ ಕರೆಂಟಿನ ಬಿಲ್ಲಿನಲ್ಲಿ ಅರ್ಧದಷ್ಟು, ಒಮ್ಮೊಮ್ಮೆ ಅದಕ್ಕಿಂತಲೂ ಹೆಚ್ಚು, ಗಾಳಿ ಊದುವುದಕ್ಕೇ ಆಗುತ್ತದೆ. ಆದುದರಿಂದ ಕರೆಂಟು ಹೋದಾಗ ಘಟಕಕ್ಕೆ ಕಂಟಕ. ಬೀದಿಯ ದೀಪ ಆರಿದರೆ ಎಲ್ಲರಿಗೂ ಕಾಣುತ್ತದೆ. ಗಾಳಿಯ ತೊಟ್ಟಿ ನಿಂತದ್ದು ಯಾರಿಗೂ ಕಾಣುವುದಿಲ್ಲ. ಜನರೇಟರಿಗೆ ಡೀಸೆಲು ಇಲ್ಲದೆ ಬಹಳ ಹೊತ್ತು ನಿಂತರೆ ಉಸಿರಾಡುವ ಜೀವಾಣುಗಳು ಸೊರಗುತ್ತವೆ. ಮತ್ತೆ ಮಂದೆ ಕಟ್ಟುವುದಕ್ಕೆ ಎಷ್ಟೋ ದಿನ, ಒಮ್ಮೊಮ್ಮೆ ವಾರಗಳು ಬೇಕಾಗುತ್ತವೆ. ಅಲ್ಲಿಯವರೆಗೂ ಊರಿನ ಕೊಳೆ ಬಂದಂತೆಯೇ ಕೆರೆಗೆ ಇಳಿಯುತ್ತಿರುತ್ತದೆ. ಗೋಡೆಯ ಮೇಲೆ ಹೆಸರು ಬರೆದಿದೆ, ಉದ್ಘಾಟನೆಯ ಕಲ್ಲು ಇದೆ, ಕೆಲಸ ಮಾತ್ರ ನಡೆಯುತ್ತಿಲ್ಲ. ಹೀಗೂ ಆಗುವುದುಂಟು.

ತಿಳಿನೀರು ಹೊರಗೆ ಹೋಗುವ ಮುನ್ನ ಸಾಮಾನ್ಯವಾಗಿ ಕ್ಲೋರೀನು ಬೆರೆಸಿ ಅರ್ಧ ಗಂಟೆ ನಿಲ್ಲಿಸುತ್ತಾರೆ. ಉಳಿದ ರೋಗಾಣುಗಳು ಸಾಯಲೆಂದು. ಬರುವಾಗ ಲೀಟರಿಗೆ 250 ಮಿಲಿಗ್ರಾಂ ಆಮ್ಲಜನಕವನ್ನು ಬೇಡುತ್ತಿದ್ದ ನೀರು ಹೋಗುವಾಗ 20ರ ಆಸುಪಾಸಿಗೆ ಇಳಿದಿರಬೇಕು. ಇದನ್ನು ಅಳೆಯುವುದಕ್ಕೆ ನಮ್ಮ ದೇಶದಲ್ಲಿ ನೀರಿನ ಮಾದರಿಯನ್ನು 27 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 3 ದಿನ ಇಟ್ಟು, ಎಷ್ಟು ಆಮ್ಲಜನಕ ಖರ್ಚಾಯಿತೆಂದು ನೋಡುತ್ತಾರೆ. ಆ ನೀರು ಕುಡಿಯುವುದಕ್ಕಲ್ಲ. ಗಿಡಮರಕ್ಕೆ, ಕಾರ್ಖಾನೆಗೆ, ಕೆರೆಗೆ ಆಗಬಹುದು. ಬೆಂಗಳೂರಿನ ಶುದ್ಧೀಕರಿಸಿದ ನೀರು 2018ರ ಜೂನ್ ತಿಂಗಳಲ್ಲಿ ಕೋರಮಂಗಲ ಚಲ್ಲಘಟ್ಟ ಕಣಿವೆಯ ಯೋಜನೆಯಿಂದ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದಿತು. ಬಹುಕಾಲದಿಂದ ಒಣಗಿದ್ದ ಕೆರೆಗಳು ತುಂಬಿದುವು, ರೈತರು ಹರ್ಷಪಟ್ಟರು. ಆದರೆ ಆ ವರ್ಷವೇ ಕೆರೆಯಲ್ಲಿ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟಿನ ತನಕ ಹೋಯಿತು. ಒಂದು ಊರಿನವರು ಎಷ್ಟು ಶ್ರದ್ಧೆಯಿಂದ ತೊಳೆಯುತ್ತಾರೋ ಅದರ ಮೇಲೆ ಇನ್ನೊಂದು ಊರಿನವರ ಅಂತರ್ಜಲ ನಿಂತಿದೆ ಎಂಬುದು ಇದರಿಂದ ಎಲ್ಲರಿಗೂ ತಿಳಿಯಿತು.

ಇದುವರೆಗೆ ಹೇಳಿದ್ದು ಒಳಚರಂಡಿ ಇರುವ ಊರಿನ ಮಾತು. ನಮ್ಮ ಸಣ್ಣ ಊರುಗಳಲ್ಲಿ ಒಳಚರಂಡಿ ಇಲ್ಲದವು ಇನ್ನೂ ಎಷ್ಟೋ ಇವೆ. ಅಲ್ಲಿ ಮನೆಮನೆಗೂ ಒಂದು ಗುಂಡಿ, ಇಲ್ಲವೆ ಸೆಪ್ಟಿಕ್ ಟ್ಯಾಂಕು. ಸೆಪ್ಟಿಕ್ ಟ್ಯಾಂಕು ಒಳ್ಳೆಯದೇ. ಅದರಲ್ಲಿಯೂ ಗಾಳಿಯಿಲ್ಲದೆ ಬದುಕುವ ಜೀವಾಣುಗಳು ಕೆಲಸ ಮಾಡುತ್ತವೆ. ಆದರೆ ತಳದ ಗಸಿಯನ್ನು ಎರಡು ಮೂರು ವರ್ಷಗಳಿಗೊಮ್ಮೆ ತೆಗೆಸಬೇಕು. ನಾವು ಏನು ಮಾಡುತ್ತೇವೆ? ಉಕ್ಕಿ ಅಂಗಳಕ್ಕೆ ಬರುವವರೆಗೂ ಅದರ ನೆನಪು ಮಾಡುವುದಿಲ್ಲ. ಉಕ್ಕಿದ ದಿನ ಯಾರನ್ನಾದರೂ ಕರೆತಂದು ಇಳಿಸಿಬಿಡೋಣವೆಂದು ಹೊರಡುತ್ತೇವೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಆ ಗುಂಡಿಯೊಳಗೆ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಸೇರಿಕೊಂಡಿರುತ್ತದೆ. ಸ್ವಲ್ಪವಿದ್ದಾಗ ಅದು ಕೊಳೆತ ಮೊಟ್ಟೆಯ ವಾಸನೆ ಕೊಟ್ಟು ಎಚ್ಚರಿಸುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸಿಬಿಡುತ್ತದೆ. ವಾಸನೆಯೇ ಇಲ್ಲವೆಂದು ಇಳಿದವನು ಮೂರ್ಛೆ ಹೋಗುತ್ತಾನೆ, ಅವನನ್ನು ಎತ್ತಲು ಇಳಿದವನೂ ಹೋಗುತ್ತಾನೆ. ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಸತ್ತರೆಂಬ ಸುದ್ದಿ ಪತ್ರಿಕೆಯಲ್ಲಿ ಬರುವುದು ಹೀಗೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಲು 1970ರ ದಶಕದ ಆರಂಭದಲ್ಲಿಯೇ ದೇವರಾಜ ಅರಸರ ಮಂತ್ರಿಮಂಡಲದ ಬಿ. ಬಸವಲಿಂಗಪ್ಪನವರು ಮುಂದಾದ ನಾಡು ನಮ್ಮದು. 2013ರ ಕಾನೂನು ಚರಂಡಿಯ ಮತ್ತು ಸೆಪ್ಟಿಕ್ ಟ್ಯಾಂಕಿನ ಅಪಾಯಕರ ಶುಚಿ ಕೆಲಸಕ್ಕೆ ಮನುಷ್ಯನನ್ನು ನೇಮಿಸುವುದನ್ನು ಅಪರಾಧವೆಂದು ಸಾರಿದೆ. ಮೊದಲ ಸಲದ ತಪ್ಪಿಗೇ 2 ವರ್ಷದವರೆಗೆ ಸೆರೆ, 2 ಲಕ್ಷ ರೂಪಾಯಿಯವರೆಗೆ ದಂಡ ಆಗಬಹುದು. ಈ ಕಾನೂನು ಪುರಸಭೆಗೆ ಮಾತ್ರವಲ್ಲ, ಮನೆಯ ಯಜಮಾನನಿಗೂ ಅನ್ವಯಿಸುತ್ತದೆ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರವೆಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆದರೆ ಪರಿಹಾರದ ಹಣ ಮನೆಗೆ ದುಡಿಯುವ ಮಗನನ್ನು ತಂದುಕೊಡಲಾರದು. ಗುಂಡಿ ತುಂಬಿದರೆ ಯಂತ್ರವನ್ನು ಕರೆಯಬೇಕು, ಮನುಷ್ಯನನ್ನಲ್ಲ.

ಯಂತ್ರವೆಂದರೆ ಹೀರುವ ಟ್ಯಾಂಕರ್ ಲಾರಿ. ಕೊಳವೆ ಇಳಿಬಿಟ್ಟು ಗಸಿಯನ್ನೆಲ್ಲ ಹೀರಿಕೊಂಡು ಹೋಗುತ್ತದೆ. ಸರಿ, ಹೀರಿಕೊಂಡು ಹೋಗಿ ಎಲ್ಲಿ ಸುರಿಯುತ್ತದೆ? ಕತ್ತಲಾದ ಮೇಲೆ ರಾಜಕಾಲುವೆಗೋ, ಕೆರೆಯ ಅಂಗಳಕ್ಕೋ, ರೈತನ ಹೊಲಕ್ಕೋ ಸುರಿದರೆ ನಮ್ಮ ಮನೆಯ ಹೊಲಸು ಊರನ್ನು ಸುತ್ತಿ ಮತ್ತೆ ನಮ್ಮ ಸೊಪ್ಪಿನ ಕಟ್ಟಿನಲ್ಲಿ ಬಂದಂತಾಯಿತು. ಈ ಗಸಿ ಚರಂಡಿಯ ನೀರಿಗಿಂತ ಎಷ್ಟೋ ಪಾಲು ಹೆಚ್ಚು ತೀಕ್ಷ್ಣವಾದದ್ದು.

ಈ ಪ್ರಶ್ನೆಗೆ ಉತ್ತರ ಹುಡುಕಿದ ಊರೊಂದು ನಮ್ಮಲ್ಲಿಯೇ ಇದೆ. ಬೆಂಗಳೂರಿನ ಉತ್ತರಕ್ಕಿರುವ ದೇವನಹಳ್ಳಿ. ಟಿಪ್ಪುಸುಲ್ತಾನ ಹುಟ್ಟಿದ ಊರು, ಚಕ್ಕೋತಕ್ಕೆ ಹೆಸರಾದ ಊರು, 2008ರಲ್ಲಿ ವಿಮಾನ ನಿಲ್ದಾಣವನ್ನು ಪಕ್ಕಕ್ಕೆ ಪಡೆದ ಊರು. 2011ರ ಜನಗಣತಿಯಲ್ಲಿ ಅಲ್ಲಿ ಇದ್ದವರು ಸುಮಾರು 28,000 ಜನ. ಒಳಚರಂಡಿ ಇರಲಿಲ್ಲ, ಮನೆಮನೆಗೂ ಗುಂಡಿಗಳು. ಒಳಚರಂಡಿಗೆ ಕೋಟ್ಯಂತರ ರೂಪಾಯಿ ಕೂಡಿಬರುವ ತನಕ ಕಾಯುವುದರ ಬದಲು, ಗುಂಡಿಯ ಗಸಿಯನ್ನೇ ಶುದ್ಧಮಾಡುವ ಪುಟ್ಟ ಘಟಕವೊಂದು 2015ರ ನವೆಂಬರಿನಲ್ಲಿ ಅಲ್ಲಿ ಆರಂಭವಾಯಿತು. ಪುರಸಭೆಯ ಜೊತೆಗೆ ನಿಂತು ಅದನ್ನು ರೂಪಿಸಿದ್ದು ಬೆಂಗಳೂರಿನ ಸಿ.ಡಿ.ಡಿ. ಸೊಸೈಟಿ. ದಿನಕ್ಕೆ 6,000 ಲೀಟರು ಗಸಿಯನ್ನು ಸ್ವೀಕರಿಸುವಂತೆ ಕಟ್ಟಿದ ಈ ಘಟಕ ಊರಿನ ಮಟ್ಟದಲ್ಲಿ ದೇಶಕ್ಕೇ ಮೊದಲಿನದೆಂದು ಹೆಸರಾಯಿತು.

ಅಲ್ಲಿನ ಏರ್ಪಾಡು ಕೇಳುವಂತಿದೆ. ಲಾರಿ ಬಂದು ಜಾಲರಿಯ ತೊಟ್ಟಿಗೆ ಗಸಿಯನ್ನು ಬಿಡುತ್ತದೆ. ಕಸ, ಮರಳು ಅಲ್ಲಿ ನಿಲ್ಲುತ್ತವೆ. ಮುಂದೆ ನೆಲದೊಳಗಿನ ಮುಚ್ಚಿದ ತೊಟ್ಟಿಗಳು. ಅವುಗಳಲ್ಲಿ ಗಾಳಿಯಿಲ್ಲದೆ ಬದುಕುವ ಜೀವಾಣುಗಳು ಗಸಿಯನ್ನು ಅರಗಿಸಿ ಗೋಬರ್ ಗ್ಯಾಸಿನಂಥ ಅನಿಲವನ್ನು ಬಿಡುತ್ತವೆ. ಅರಗಿದ ಗಸಿ ಮರಳು ಜಲ್ಲಿ ಹಾಸಿದ ಪಾತಿಗಳ ಮೇಲೆ ಹರಡುತ್ತದೆ. ನೀರು ಕೆಳಗೆ ಬಸಿಯುತ್ತದೆ, ಬಿಸಿಲಿಗೆ ಮೇಲಿನದು ಒಣಗಿ ಹಲ್ಲೆಯಾಗುತ್ತದೆ. ಬಸಿದ ನೀರು ಅಡ್ಡಗೋಡೆಗಳಿರುವ ತೊಟ್ಟಿಗಳನ್ನು ಹಾದು, ಕಾಬಾಳೆ ಜೊಂಡಿನಂಥ ಗಿಡಗಳನ್ನು ನೆಟ್ಟ ಜಲ್ಲಿಯ ಪಾತಿಯಲ್ಲಿ ಸೋಸಿ, ಗಿಡಗಳಿಗೆ ಹಾಕುವಂತಾಗುತ್ತದೆ. ಬಹುಪಾಲು ಕೆಲಸ ನೀರಿನ ಇಳಿಜಾರಿನಿಂದಲೇ ನಡೆಯುವಂತೆ ಕಟ್ಟಿದ್ದರಿಂದ ಕರೆಂಟಿನ ಹಂಗು ಕಡಿಮೆ. ಒಣಗಿದ ಗಸಿಯನ್ನು ಊರಿನ ತರಕಾರಿ ಸಿಪ್ಪೆ, ಹಸಿಕಸದ ಜೊತೆಗೆ ಕೂಡಿಸಿ ಗೊಬ್ಬರವಾಗಿ ಕೊಳೆಯಿಸುತ್ತಾರೆ. ಸರಿಯಾಗಿ ಮಾಡಿದ ಗೊಬ್ಬರದ ರಾಶಿಯ ಒಳಗಿನ ಶಾಖ ಸುಮಾರು 60 ಡಿಗ್ರಿ ಸೆಲ್ಸಿಯಸ್ ತನಕ ಏರುತ್ತದೆ. ಆ ಶಾಖ ಬೇಕಾದಷ್ಟು ದಿನ ನಿಂತರೆ ಜಂತುಹುಳುವಿನ ಮೊಟ್ಟೆಗಳು ಸಾಯುತ್ತವೆ. ಹಸಿ ಗಸಿಯನ್ನು ಹೊಲಕ್ಕೆ ಸುರಿಯುವುದಕ್ಕೂ, ಹೀಗೆ ಹದಮಾಡಿದ ಗೊಬ್ಬರವನ್ನು ಹಾಕುವುದಕ್ಕೂ ಇರುವ ಅಂತರ ಇದೇ. 2017ರಲ್ಲಿ ಭಾರತ ಸರ್ಕಾರ ಗುಂಡಿಯ ಗಸಿಯ ವಿಲೇವಾರಿಗೆಂದೇ ಒಂದು ರಾಷ್ಟ್ರೀಯ ನೀತಿಯನ್ನು ಹೊರಡಿಸಿತು. ಆಮೇಲೆ ಬೇರೆಬೇರೆ ರಾಜ್ಯಗಳ ಊರುಗಳಲ್ಲಿ ಇಂಥ ಘಟಕಗಳು ಬಂದುವು.

ಯಾವ ಬಗೆಯ ಘಟಕವಾದರೂ ಅದನ್ನು ಉಳಿಸುವವರೂ ಕೆಡಿಸುವವರೂ ಮನೆಗಳಲ್ಲಿಯೇ ಇದ್ದೇವೆ. ಮಳೆಗಾಲದಲ್ಲಿ ತಾರಸಿಯ ನೀರನ್ನು ಒಳಚರಂಡಿಗೆ ಸೇರಿಸಿಬಿಟ್ಟರೆ ಏನಾಗುತ್ತದೆ? ಒಂದು ದೊಡ್ಡ ಮಳೆಗೆ ಘಟಕಕ್ಕೆ ಮೂರು ನಾಲ್ಕು ಪಾಲು ನೀರು ನುಗ್ಗಿ, ಜೋಪಾನವಾಗಿ ಬೆಳೆಸಿದ ಹೆಪ್ಪೆಲ್ಲ ಕೊಚ್ಚಿ ಕೆರೆಗೆ ಹೋಗುತ್ತದೆ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿದರೆ ಅದು ಕೊಳವೆಯಲ್ಲಿ ಜಿಡ್ಡುಗಟ್ಟಿ ಬಂಡೆಯಂತಾಗುತ್ತದೆ. ಆಸಿಡ್ಡು, ಫಿನಾಯಿಲುಗಳನ್ನು ಬಾಟಲಿಗಟ್ಟಲೆ ಸುರಿದರೆ ನಮಗಾಗಿ ದುಡಿಯುವ ಜೀವಾಣುಗಳಿಗೇ ವಿಷವಿಕ್ಕಿದಂತೆ. ಗ್ಯಾರೇಜಿನ ಆಯಿಲು, ಬಣ್ಣದ ಕಾರ್ಖಾನೆಯ ನೀರು ಬಂದರಂತೂ ಕೇಳಲೇಬೇಡಿ. ಬಟ್ಟೆ, ಪ್ಲಾಸ್ಟಿಕ್ಕು, ಪ್ಯಾಡು, ಡಯಾಪರು, ಇವುಗಳ ಜಾಗ ಕಸದ ಬುಟ್ಟಿ, ಕಮೋಡು ಅಲ್ಲ.

ಇನ್ನೂ ಒಂದು ಸಂಗತಿಯಿದೆ. ಬೀದಿಯಲ್ಲಿ ಒಳಚರಂಡಿಯ ಕೊಳವೆ ಹಾಯ್ದಿರುತ್ತದೆ, ಮನೆಯಿಂದ ಅದಕ್ಕೆ ಸಂಪರ್ಕ ಮಾತ್ರ ಇರುವುದಿಲ್ಲ. ಅಂಗಳ ಅಗೆಯಬೇಕು, ಹಣ ಕಟ್ಟಬೇಕು, ಈಗ ಹೇಗೂ ನಡೆಯುತ್ತಿದೆಯಲ್ಲ ಎಂಬ ಉದಾಸೀನ. ಹೀಗೆ ಅರ್ಧ ಊರು ಸೇರದೆ ಹೋದರೆ ಅತ್ತ ಘಟಕಕ್ಕೆ ಮೇವು ಸಾಲದು, ಇತ್ತ ತೆರೆದ ಚರಂಡಿಯಲ್ಲಿ ಹೊಲಸು ತಪ್ಪದು. ಸಾರ್ವಜನಿಕ ಹಣದಿಂದ ಕಟ್ಟಿದ್ದು ಬಿಸಿಲು ಕಾಯುತ್ತ ಕೂರುತ್ತದೆ. ಘಟಕ ನಮ್ಮ ಬಡಾವಣೆಯ ಹತ್ತಿರ ಬೇಡವೆಂದು ಅರ್ಜಿ ಕೊಡುವವರೂ ನಾವೇ. ಅದು ಯಾರ ಮನೆಯ ಹತ್ತಿರವೂ ಬೇಡವಾದರೆ ಎಲ್ಲರ ಬಾವಿಯ ಹತ್ತಿರ ಬಂದೇ ಬರುತ್ತದೆ.

ಒಂದು ಬಿಡುವಿನ ದಿನ, ಪುರಸಭೆಯ ಅನುಮತಿ ಪಡೆದು, ನಿಮ್ಮ ಊರಿನ ಘಟಕವನ್ನು ನೋಡಿಬನ್ನಿ. ದೊಡ್ಡ ತರಗತಿಯ ಮಕ್ಕಳನ್ನೂ ಕರೆದುಕೊಂಡು ಹೋಗಿ. ಅಲ್ಲಿ ಮೂರು ವಿಷಯ ಕೇಳಿ. ಇವತ್ತಿನ ಗಾಜಿನ ಪಾತ್ರೆಯ ಪರೀಕ್ಷೆಯನ್ನು ತೋರಿಸುತ್ತೀರಾ? ಕರೆಂಟು ಹೋದಾಗ ಗಾಳಿಯ ಯಂತ್ರ ಎಷ್ಟು ಹೊತ್ತು ನಿಂತಿತ್ತೆಂದು ಪುಸ್ತಕದಲ್ಲಿ ಬರೆದಿದೆಯೇ? ಹೊರಹೋಗುವ ನೀರಿನ ಕಳೆದ ತಿಂಗಳ ವರದಿ ಎಲ್ಲಿದೆ? ಘಟಕವಿಲ್ಲದ ಊರಾದರೆ ಒಂದೇ ಪ್ರಶ್ನೆ ಸಾಕು: ನಮ್ಮ ಮನೆಯಿಂದ ಹೀರಿಕೊಂಡು ಹೋದ ಲಾರಿ ಎಲ್ಲಿ ಸುರಿಯಿತು? ಇವನ್ನು ಕೇಳುವುದಕ್ಕೆ ಎಂಜಿನಿಯರೇ ಆಗಿರಬೇಕಾಗಿಲ್ಲ. ಊರಿನ ಒಬ್ಬ ತೆರಿಗೆದಾರನಾಗಿದ್ದರೆ ಸಾಕು. ನಲ್ಲಿಯಲ್ಲಿ ನೀರು ಏಕೆ ಬರಲಿಲ್ಲವೆಂದು ಕೇಳಲು ನಮಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಬಚ್ಚಲ ನೀರು ಎಲ್ಲಿಗೆ ಹೋಯಿತೆಂಬುದನ್ನೂ ಅಷ್ಟೇ ಸಹಜವಾಗಿ ಕೇಳುವ ಊರಿನಲ್ಲಿ ಘಟಕ ನಿಲ್ಲುವುದು ಕಷ್ಟ, ಕೆರೆ ಕೆಡುವುದೂ ಕಷ್ಟ.